ನೆತ್ತಿಬೇಣಕ್ಕೆ ಬೆಂಕಿ ಇಡುವ ಹೊನ್ನಿ

ಜನವರಿಯ ಬೆಳಗು. ಸೂರ್ಯ ಇನ್ನೂ ಘಟ್ಟದ ಬೆನ್ನ ಹಿಂದೆಯೇ ಇದ್ದಾನೆ. ಹೊನ್ನಾವರದಿಂದ ದಕ್ಷಿಣಕ್ಕೆ, ಅಪ್ಸರಕೊಂಡ ದಾಟಿದ ಮೇಲೆ ಸಿಗುವ ನೆತ್ತಿಬೇಣ ಎಂಬ ಹುಲ್ಲುಗುಡ್ಡದ ಮೇಲೆ ಹೊನ್ನಿ ಕುಪ್ಪ ಗೌಡ ಬಗ್ಗಿ ಒಂದು ಹಿಡಿ ಹುಲ್ಲು ಕೀಳುತ್ತಾರೆ. ಕೆನ್ನೆಗೆ ಒತ್ತಿಕೊಂಡು ನೋಡುತ್ತಾರೆ. ತುದಿ ಒಣಗಿದೆ, ಬುಡದಲ್ಲಿ ಇಬ್ಬನಿ ಇದೆ. ಆಮೇಲೆ ಎದ್ದು ನಿಂತು ಸೆರಗಿನ ತುದಿಯನ್ನು ಎತ್ತಿ ಹಿಡಿಯುತ್ತಾರೆ. ಸೆರಗು ಮೆಲ್ಲಗೆ ಸಮುದ್ರದ ಕಡೆಗೆ ಹಾರುತ್ತದೆ.

"ಮೂಡಗಾಳಿ ಅದೆ. ಆತು, ಹಚ್ಚುವ" ಎನ್ನುತ್ತಾರೆ.

ಅವರ ಹಿಂದೆ ಗುಡ್ಡದ ಬುಡದ ಬೇಣದಕೇರಿಯ ಮನೆಮನೆಯಿಂದ ಬಂದವರು ಒದ್ದೆ ಗೋಣಿಚೀಲ ಹಿಡಿದು ಸಾಲಾಗಿ ನಿಂತಿದ್ದಾರೆ. ಸೊಸೆ ಧನ್ಯಶ್ರೀ ತಲೆಗೆ ಟವೆಲು ಸುತ್ತಿಕೊಂಡಿದ್ದಾಳೆ. ಊರಿನ ಗುಡ್ಡೆ ಸಮಿತಿಯ ಅಧ್ಯಕ್ಷ ವೆಂಕಟ್ರಮಣ ನಾಯ್ಕರು ಗೇರುಮರಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ನೀರು ತುಂಬಿಸಿ ಬೆನ್ನಿಗೆ ಏರಿಸಿಕೊಂಡಿದ್ದಾರೆ. ಹೊನ್ನಿ ಮಾತ್ರ ಇನ್ನೂ ಬೆಂಕಿ ಹಚ್ಚುವುದಿಲ್ಲ. ಒಂದು ಹಳೆಯ ಎಣ್ಣೆಡಬ್ಬ ಬಡಿಯುತ್ತ, ಕೋಲಿನಿಂದ ಹುಲ್ಲನ್ನು ತಟ್ಟುತ್ತ, ಇವತ್ತು ಸುಡಬೇಕಾದ ಜಾಗದ ಉದ್ದಗಲ ನಡೆಯುತ್ತಾರೆ. ಒಂದು ಮೊಲ ಚಿಮ್ಮಿ ಓಡುತ್ತದೆ. ಅದರ ಹಿಂದೆ ಇನ್ನೊಂದು.

"ಹೋಗಿ, ಹೋಗಿ. ಆಚೆ ಬದಿ ಹುಲ್ಲು ಹಂಗೇ ಬಿಟ್ಟದೆ ನಿಮಗೆ" ಎಂದು ಅವಕ್ಕೆ ಹೇಳಿ, ವಾಪಸು ಬಂದು, ಒಣ ತೆಂಗಿನಗರಿಯ ಸೂಡಿಗೆ ಕಡ್ಡಿ ಗೀರುತ್ತಾರೆ.

ಬೆಂಕಿ ಮೊದಲು ತಾಗುವುದು ಪಡುವಣದ ಅಂಚಿಗೆ. ಗಾಳಿ ಮೂಡಣದಿಂದ ಬೀಸುವುದರಿಂದ ಬೆಂಕಿಗೆ ಅದರ ಎದುರು ತೆವಳಿಕೊಂಡೇ ಮುಂದೆ ಬರಬೇಕು. ಅಂಚಿನಾಚೆ ಕಳೆದ ವರ್ಷ ಸುಟ್ಟ ಜಾಗ. ಅಲ್ಲಿ ವರ್ಷವಿಡೀ ದನ ಮೇದು ಹುಲ್ಲು ಚಾಪೆಯಂತಾಗಿದೆ. ಕಿಡಿ ಹಾರಿ ಬಿದ್ದರೂ ಹಿಡಿಯಲು ಅಲ್ಲಿ ಏನಿಲ್ಲ. ಮೊಣಕಾಲೆತ್ತರದ ಜ್ವಾಲೆ ಚಟಚಟ ಎನ್ನುತ್ತ ನಿಧಾನಕ್ಕೆ ಹಿಮ್ಮುಖವಾಗಿ ನಡೆಯುತ್ತದೆ. ಹೊನ್ನಿ ಅದರ ಪಕ್ಕದಲ್ಲೇ ನಡೆಯುತ್ತಾರೆ, ನಡಿಗೆ ಕಲಿಯುವ ಮಗುವಿನ ಪಕ್ಕ ನಡೆದ ಹಾಗೆ.

"ಹತ್ತು ಗಂಟೆ ಮೇಲೆ ಗಾಳಿ ತಿರುಗ್ತದೆ. ಸಮುದ್ರದ ಗಾಳಿ ಬಂತು ಅಂದ್ರೆ ಬೆಂಕಿ ನನ್ನ ಮಾತು ಕೇಳುದಿಲ್ಲ. ಅದಕ್ಕೆ ಮುಂಚೆ ಮುಗೀಬೇಕು" ಎನ್ನುತ್ತಾರೆ.

ನೆತ್ತಿಬೇಣ ಚಿರೆಕಲ್ಲಿನ ಗುಡ್ಡ. ಮೇಲೆ ಒಂದು ಗೇಣು ಮಣ್ಣು, ಅದರ ಕೆಳಗೆ ಬರೀ ಕಲ್ಲು. ಮರ ಬೇರು ಬಿಡಲು ಒದ್ದಾಡುವ ಈ ನೆಲದಲ್ಲಿ ಹುಲ್ಲು ಮಾತ್ರ ತನ್ನದೇ ಮನೆ ಎಂಬಂತೆ ಬೆಳೆಯುತ್ತದೆ. ಹೊನ್ನಿ ಇದನ್ನು ಮೂರು ಪಾಲು ಮಾಡಿದ್ದಾರೆ. ಪ್ರತಿ ವರ್ಷ ಒಂದು ಪಾಲು ಸುಡುವುದು. ಉಳಿದೆರಡರಲ್ಲಿ ಒಣಗಿದ ಹುಲ್ಲನ್ನು, ಇಲ್ಲಿಯವರು ಕರಡ ಎನ್ನುವುದನ್ನು, ಮಳೆಗಾಲದ ಮೇವಿಗೆ ಕೊಯ್ಯುವುದು. ಸುಟ್ಟ ಪಾಲಿನಲ್ಲಿ ಸ್ವಲ್ಪ ದಿನಕ್ಕೇ ಕರಕಲಿನ ನಡುವೆ ಎಳೆ ಚಿಗುರು ಏಳುತ್ತದೆ. ದನಗಳನ್ನು ಅಲ್ಲಿಗೆ ಯಾರೂ ಅಟ್ಟಬೇಕಾಗಿಲ್ಲ. ಕೆಂಪಿ, ಬೆಳ್ಳಿ ಮತ್ತು ಉಳಿದ ಗಿಡ್ಡತಳಿಯ ಆಕಳುಗಳು ತಾವಾಗಿಯೇ ಹೋಗಿ ಮೂತಿ ಊರುತ್ತವೆ. ಅವು ಅಲ್ಲಿ ಮೇಯುತ್ತಿರುವಾಗ ಉಳಿದೆರಡು ಪಾಲಿಗೆ ಬಿಡುವು. ಮೇದ ಪಾಲು ಮುಂದಿನ ವರ್ಷದ ಬೆಂಕಿಗೆ ಬೇಲಿ.

"ಬೆಂಕಿ ಹಚ್ಚಿ ಬಿಟ್ರೆ ಅದು ಅರ್ಧ ಕೆಲಸ" ಎನ್ನುತ್ತಾರೆ ಹೊನ್ನಿ. "ಬರೀ ಸುಟ್ರೆ ಹುಲ್ಲು ಮತ್ತೆ ದಟ್ಟ ಆಗ್ತದೆ. ಬರೀ ಮೇಸಿದ್ರೆ ಮುಳ್ಳು ಬತ್ತದೆ, ದನ ಮುಳ್ಳು ತಿನ್ನುದಿಲ್ಲ ಅಲ್ದಾ. ಎರಡೂ ಕೂಡಿದ್ರೆ ಗುಡ್ಡೆ ಗುಡ್ಡೆ ಆಗೇ ಉಳೀತದೆ."

ಈ ಕೆಲಸ ಅವರಿಗೆ ತವರಿನಿಂದ ಬಂದದ್ದು. ಭಟ್ಕಳ ತಾಲೂಕಿನ ಕಾಯ್ಕಿಣಿಯಲ್ಲಿ ಅವರ ಅಪ್ಪ ಸುಬ್ಬ ಪ್ರತಿ ಚಳಿಗಾಲ ತಮ್ಮ ಹುಲ್ಲಿನ ಬೇಣ ಸುಡುತ್ತಿದ್ದರು. ಹುಡುಗಿ ಹೊನ್ನಿಯ ಕೆಲಸ ಹಸಿಸೊಪ್ಪಿನ ಟೊಂಗೆ ಹಿಡಿದು ಅಂಚು ಕಾಯುವುದು. ಒಮ್ಮೆ ಅವಳು ಹೊಗೆಗೆ ಹೆದರಿ ಓಡಿದಾಗ ಅಪ್ಪ ಬೈಯಲಿಲ್ಲ, ಮರಳಿ ಕರೆತಂದು ಅದೇ ಜಾಗದಲ್ಲಿ ನಿಲ್ಲಿಸಿದರು. "ಬೆನ್ನು ತೋರಿಸ್ಬೇಡ ಅದಕ್ಕೆ, ಮುಖ ತೋರಿಸು ಅಂದ ಅಪ್ಪ. ಆವತ್ತಿಂದ ನಾ ಯಾರಿಗೂ ಬೆನ್ನು ತೋರಿಸ್ಲಿಲ್ಲ" ಎಂದು ನಗುತ್ತಾರೆ.

ಮದುವೆಯಾಗಿ ಬೇಣದಕೇರಿಗೆ ಬಂದಾಗ ಇಲ್ಲಿಯೂ ಗುಡ್ಡ ಸುಡುವ, ದನ ಮೇಯಿಸುವ ರೂಢಿ ಇತ್ತು. ಗಂಡ ಕುಪ್ಪ ಚಿರೆಕಲ್ಲು ಕೊಯ್ಯುವವರು. ಬರಬರುತ್ತ ಮನೆಗಳಲ್ಲಿ ಗ್ಯಾಸ್ ಬಂತು, ಪ್ಯಾಕೆಟ್ ಹಾಲು ಬಂತು, ಕೊಟ್ಟಿಗೆಗಳು ಬೈಕ್ ನಿಲ್ಲಿಸುವ ಜಾಗವಾದವು. ದನ ಕಡಿಮೆಯಾದಂತೆ ಕರಡ ಕೊಯ್ಯುವವರಿಲ್ಲ, ಗುಡ್ಡದ ಕಡೆ ತಿರುಗಿ ನೋಡುವವರಿಲ್ಲ. ಹೊನ್ನಿ ಒಬ್ಬರೇ ತಮ್ಮ ಆಕಳುಗಳನ್ನು ಹೊಡೆದುಕೊಂಡು ಹತ್ತುತ್ತಿದ್ದರು. ಜನವರಿಯಲ್ಲಿ ಒಬ್ಬರೇ ಅಷ್ಟಿಷ್ಟು ಸುಡುತ್ತಿದ್ದರು.

ಹೀಗಿರುವಾಗ, ಸುಮಾರು ಹತ್ತು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿತ್ತು. ಯಾರು ಹಚ್ಚಿದರೋ, ಹೇಗೆ ಬಿತ್ತೋ ಗೊತ್ತಾಗಲಿಲ್ಲ. ಹೊನ್ನಿಯ ಕೈ ತಲುಪದ ಕಡೆ ವರ್ಷಗಟ್ಟಲೆ ಯಾರೂ ಮುಟ್ಟದ ಹುಲ್ಲು ಸೊಂಟದೆತ್ತರ ಬೆಳೆದು ಒಣಗಿತ್ತು. ಸಂಜೆಯ ಹೊತ್ತಿಗೆ ವೆಂಕಟ್ರಮಣ ನಾಯ್ಕರ ಗೇರುಹಾಡಿಯ ಮರಗಳು ಅರ್ಧಕ್ಕರ್ಧ ಸುಟ್ಟುಹೋಗಿದ್ದವು. ಊರಿನವರಿಗೆ ಕೈ ತೋರಿಸಲು ಒಬ್ಬರು ಬೇಕಿತ್ತು. ಸೂಡಿ ಹಿಡಿದು ಗುಡ್ಡ ಹತ್ತುವವರು ಊರಿಗೆಲ್ಲ ಒಬ್ಬರೇ ಇದ್ದರು.

ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. "ನೀನೇ ಹಚ್ಚಿದ್ದು ಅಂತ ಒಪ್ಪಿಕೊ, ಮುಗೀತು" ಎಂದರು ನಾಯ್ಕರು.

"ನಾ ಹಚ್ಚಿದ್ರೆ ಹೊತ್ತಾರೆ ಹಚ್ತೆ, ಜನವರಿಲಿ ಹಚ್ತೆ. ಏಪ್ರಿಲ್‌ನಲ್ಲಿ, ಮಧ್ಯಾಹ್ನ, ಸಮುದ್ರದ ಗಾಳಿಲಿ ಹಚ್ಚುಕೆ ನಂಗೆಂತ ಮರುಳಾ?" ಎಂದರು ಹೊನ್ನಿ. ಯಾರೂ ಕೇಳಲಿಲ್ಲ. ಗುಡ್ಡೆ ಸಮಿತಿ ಎಂಬುದು ಹುಟ್ಟಿದ್ದು ಆ ದಿನವೇ. ಇನ್ನು ನೆತ್ತಿಬೇಣದಲ್ಲಿ ಬೆಂಕಿ ಇಲ್ಲ, ದನ ಇಲ್ಲ, ಅಕೇಶಿಯಾ ಗಿಡ ನೆಟ್ಟು ಬೇಲಿ ಹಾಕುವುದು ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಹೊನ್ನಿ ಎಂದಿನಂತೆ ದನ ಬಿಟ್ಟರು. ಎಲ್ಲರ ಮನೆಯೆದುರಿನ ದಾರಿಯಲ್ಲೇ ಹೊಡೆದುಕೊಂಡು ಹೋದರು. ಸಂಜೆಯೊಳಗೆ ಸಮಿತಿಯವರು ಆಕಳುಗಳನ್ನೆಲ್ಲ ಶಾಲೆಯ ಹಿಂದಿನ ದೊಡ್ಡಿಯಲ್ಲಿ ಕೂಡಿಹಾಕಿದರು. ದಂಡ ಕಟ್ಟಿ ಬಿಡಿಸಿಕೊಂಡು ಹೋಗು ಎಂದರು.

"ದಂಡ ಕಟ್ಟಿದ್ರೆ ತಪ್ಪು ಮಾಡಿದೆ ಅಂತ ಆತು. ಕಟ್ಟುದಿಲ್ಲ" ಎಂದು ಹೊನ್ನಿ ಮನೆಗೆ ಹೋಗಿ ಕರುಗಳನ್ನು ಬಿಚ್ಚಿ ತಂದು ದೊಡ್ಡಿಯ ಬೇಲಿಗೆ ಹೊರಗಿನಿಂದ ಕಟ್ಟಿದರು. ಒಳಗಿನಿಂದ ತಾಯಂದಿರು ಕೂಗಿದವು, ಹೊರಗಿನಿಂದ ಕರುಗಳು ಕೂಗಿದವು. ನಡುವೆ ಹೊನ್ನಿ ಹುಲ್ಲಿನ ಹೊರೆಗೆ ಒರಗಿ ಕುಳಿತು ಎಲೆಯಡಿಕೆ ಹಾಕಿಕೊಂಡರು. ದೊಡ್ಡಿಗೆ ತೀರ ಹತ್ತಿರದ ಮನೆ ನಾಯ್ಕರದೇ. ಬೆಳಗಿನ ಜಾವ ಅವರೇ ಕಣ್ಣು ಕೆಂಪು ಮಾಡಿಕೊಂಡು ಬಂದು ಬಾಗಿಲಿನ ಕಟ್ಟು ಬಿಚ್ಚಿದರು. "ತಕ್ಕೊಂಡು ಹೋಗು ಮಾರಾಯ್ತಿ. ಊರಲ್ಲಿ ಯಾರಿಗೂ ನಿದ್ದೆ ಇಲ್ಲ."

ಆದರೂ ಗುಡ್ಡದ ನೆತ್ತಿಗೆ ಬೇಲಿ ಬಿತ್ತು. ಹೊನ್ನಿಗೆ ಉಳಿದದ್ದು ಮೂಡಣದ ಇಳಿಜಾರಿನಲ್ಲಿ, ಕೇರಿಯ ಮನೆಗಳಿಗೆ ನೆಟ್ಟಗೆ ಮೇಲೆ, ಕುಪ್ಪನ ಹಿರಿಯರ ಹೆಸರಿನಲ್ಲಿದ್ದ ಮಾಲ್ಕಿ ಬೇಣದ ಒಂದು ಪಟ್ಟಿ. ಅಲ್ಲಿ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೊನ್ನಿ ಅದನ್ನೇ ಪಾಲು ಮಾಡಿ ಸುಟ್ಟರು, ಮೇಯಿಸಿದರು. ಪ್ರತಿ ಜನವರಿ ಆ ಪಟ್ಟಿಯಿಂದ ಹೊಗೆ ಎದ್ದಾಗ ಕೇರಿಯವರು ಮುಖ ತಿರುಗಿಸುತ್ತಿದ್ದರು. ನಲ್ಲಿಯ ಹತ್ತಿರ ನಾಯ್ಕರ ಹೆಂಡತಿ ಗಾಯತ್ರಿ ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಹೊನ್ನಿಯ ಮಗ ಸಂತೋಷನಿಗೆ ನೋಡಿದ ಸಂಬಂಧಗಳು ಗುಡ್ಡ ಸುಟ್ಟವಳ ಮನೆ ಎಂಬ ಮಾತಿಗೆ ಮುರಿದುಬಿದ್ದವು.

"ಅದೊಂದು ಮಾತ್ರ ಚುಚ್ಚಿತು" ಎನ್ನುತ್ತಾರೆ ಹೊನ್ನಿ. "ನಂಗೆ ಬೈಲಿ, ತಡ್ಕೊಳ್ತೆ. ಹುಡುಗ ಎಂತ ಮಾಡಿದ್ದ?"

ಈಗ ಮೊಣಕಾಲು ಕೈಕೊಟ್ಟು ಮನೆಯಲ್ಲೇ ಇರುವ ಕುಪ್ಪ ಆ ದಿನಗಳಲ್ಲಿ ಒಮ್ಮೆ ಮೆಲ್ಲಗೆ ಕೇಳಿದ್ದರಂತೆ, ದನ ಮಾರಿ ಸುಮ್ಮನಿರಬಾರದೇ ಎಂದು. ಹೊನ್ನಿ ಅಂದು ಊಟಕ್ಕೇ ಏಳಲಿಲ್ಲ. "ಮತ್ತೆ ನಾ ಕೇಳ್ಲೇ ಇಲ್ಲ. ಗಾಳಿ ಹತ್ರ ಬೇಕಾದ್ರೆ ಮಾತಾಡ್ಬಹುದು, ಇವಳ ಹತ್ರ ಆಗುದಿಲ್ಲ" ಎನ್ನುತ್ತಾರೆ ಕುಪ್ಪ. ಹೇಳುವಾಗ ಮುಖದಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು ಕಾಣುತ್ತದೆ.

ಕೊನೆಗೆ ಸಂಬಂಧ ಕೂಡಿಬಂದದ್ದು ಶರಾವತಿ ಹೊಳೆಯ ನಡುವಿನ ಮಾವಿನಕುರ್ವೆಯಿಂದ. ಯಾರೋ ಅಲ್ಲಿಗೂ ಹೋಗಿ ಚಾಡಿ ಹೇಳಿದ್ದರು. ನೋಡಲು ಬಂದವರೆದುರು ಧನ್ಯಶ್ರೀ ತಾನೇ ಮಾತು ತೆಗೆದಳು. "ಸುತ್ತ ನೀರಿರೋ ಊರಲ್ಲಿ ಹುಟ್ಟಿದವಳು ನಾನು. ಬೆಂಕಿ ಇರೋ ಮನೆಗೆ ಬಂದ್ರೆ ಎಂತ ಆತು?" ಹೊನ್ನಿ ಆ ಕ್ಷಣವೇ ತಮ್ಮ ಮುಡಿಯ ಅಬ್ಬಲಿಗೆ ಹೂವಿನ ದಂಡೆ ಬಿಚ್ಚಿ ಹುಡುಗಿಗೆ ಮುಡಿಸಿದರು.

ಬೇಲಿ ಹಾಕಿದ ನೆತ್ತಿಯಲ್ಲಿ ಅಕೇಶಿಯಾ ಅರೆಮನಸ್ಸಿನಿಂದ ಬೆಳೆಯಿತು. ಅದರ ಬುಡದಲ್ಲಿ ಲಂಟಾನ, ಮುಳ್ಳು, ಮೇಯದ ಹುಲ್ಲು ಪದರಪದರವಾಗಿ ಬಿತ್ತು. ಹೊನ್ನಿ ಬೇಲಿಯಾಚೆ ನಿಂತು ನೋಡಿ, ಇದಕ್ಕೆ ಒಂದು ಕಿಡಿ ಸಾಕು ಎಂದು ಸಮಿತಿಯವರಿಗೆ ಹೇಳಿದರು, ಸಿಕ್ಕಿದಾಗಲೆಲ್ಲ ಹೇಳಿದರು. ಹೊಟ್ಟೆಕಿಚ್ಚಿಗೆ ಹೇಳುತ್ತಾಳೆ ಎಂದುಕೊಂಡರು ಅವರು.

ನಾಲ್ಕು ವರ್ಷದ ಹಿಂದೆ, ಮಾರ್ಚ್ ತಿಂಗಳ ಉರಿಬಿಸಿಲು. ಹೊನ್ನಿ ಇಳಿಜಾರಿನಲ್ಲಿ ದನ ಮೇಯಿಸುತ್ತಿದ್ದರು. ಸಮುದ್ರ ನೋಡಲು ಬಂದ ಯಾರೋ ಪಡುವಣದ ಅಂಚಿನಲ್ಲಿ ಅಡುಗೆ ಮಾಡಿ ಒಲೆ ಆರಿಸದೆ ಹೋಗಿದ್ದರು. ಮೊದಲು ಒಂದು ಎಳೆ ಹೊಗೆ. ಕಣ್ಣುಮುಚ್ಚಿ ತೆರೆಯುವುದರೊಳಗೆ ಅಕೇಶಿಯಾದ ತಲೆ ಹತ್ತಿತು. ಸಮುದ್ರದ ಗಾಳಿ ಬೆಂಕಿಯನ್ನು ನೆತ್ತಿಯ ಮೇಲಿಂದ ಮೂಡಣಕ್ಕೆ, ಕೇರಿಯ ಕಡೆಗೆ ತಳ್ಳತೊಡಗಿತು.

ಹೊನ್ನಿಯ ಪಟ್ಟಿ ಮೇದು ಬೋಳಾಗಿತ್ತು. ಅದರ ಕೆಳಗಿನ ಮನೆಗಳಿಗೆ ಭಯವಿರಲಿಲ್ಲ. ಆದರೆ ಪಟ್ಟಿ ಮುಗಿಯುವಲ್ಲಿಂದ ನಾಯ್ಕರ ಗೇರುಹಾಡಿಯವರೆಗೆ ಕರಡ ದಟ್ಟವಾಗಿ ನಿಂತಿತ್ತು. ಅದರ ಕೆಳಗೂ ಮನೆಗಳಿದ್ದವು. ಹೊನ್ನಿ ಆಕಳುಗಳನ್ನು ಬೋಳು ಜಾಗಕ್ಕೆ ಅಟ್ಟಿದರು. ಚುಕ್ಕಿ ಎಂಬ ತುಂಬು ಗಬ್ಬದ ಆಕಳು ಮಾತ್ರ ಬೆದರಿ ಕರಡದೊಳಗೆ ನುಗ್ಗಿತು. ಅದರ ಹಿಂದೆ ಹೋಗಬೇಕೋ, ಮನೆಗಳ ಕಡೆ ಓಡಬೇಕೋ?

ಹೊನ್ನಿ ಮನೆಗಳ ಕಡೆ ಓಡಿದರು.

ಕರಡದ ಕೆಳಗಂಚಿನಲ್ಲಿ ಒಂದು ಕಾಲುದಾರಿ ಇದೆ. ಅಲ್ಲಿ ಜನ ಕೊಡಪಾನ ಹಿಡಿದು ಕಂಗಾಲಾಗಿ ನಿಂತಿದ್ದರು. ಹೊನ್ನಿ ಯಾರದೋ ಅಂಗಳದ ತೆಂಗಿನಗರಿ ಎಳೆದುಕೊಂಡು ಕಡ್ಡಿ ಗೀರಿದರು. ವೆಂಕಟ್ರಮಣ ನಾಯ್ಕರು ಓಡಿ ಬಂದು ಅವರ ಮುಂಗೈ ಹಿಡಿದರು.

"ಮರುಳು ಹಿಡದದ್ಯಾ ಹೊನ್ನಿ? ಕೆಳಗೆ ಮನೆ ಅದೆ, ನನ್ನ ಹಾಡಿ ಅದೆ!"

"ಅದಕ್ಕೇ ಹಚ್ಚುದು. ಅದು ಬರುಕೆ ಮುಂಚೆ ಇಲ್ಲಿದ್ದದ್ದು ಸುಟ್ಟು ಹೋಗ್ಬೇಕು. ಕೈ ಬಿಡಿ ನಾಯ್ಕರೆ."

ನಾಯ್ಕರು ಬಿಡಲಿಲ್ಲ. ಮೇಲೆ ಬೆಂಕಿಯ ಸದ್ದು ಮಳೆಗಾಲದ ಸಮುದ್ರದ ಹಾಗೆ ಕೇಳುತ್ತಿತ್ತು. ಆಗ ಗುಂಪಿನಿಂದ ಮುಂದೆ ಬಂದವರು ಗಾಯತ್ರಿ. ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ನೀವು ನೀರು ತನ್ನಿ. ಹೊನ್ನಕ್ಕ, ಎಂತ ಮಾಡ್ಬೇಕು ಹೇಳು."

"ದಾರಿಯ ಈಚೆ ಬದಿ ನಿಲ್ಲಿ ಎಲ್ಲ. ಚೀಲ ಒದ್ದೆ ಮಾಡಿ. ಈಚೆಗೆ ಕಿಡಿ ಬಿದ್ರೆ ಬಡೀರಿ. ಯಾರೂ ಬೆನ್ನು ತಿರುಗಿಸ್ಬೇಡಿ."

ಕಾಲುದಾರಿಯ ಉದ್ದಕ್ಕೂ ಹೊನ್ನಿ ಸೂಡಿ ಎಳೆದುಕೊಂಡು ಓಡಿದರು. ಗಾಳಿ ಎದುರಿತ್ತು. ಅವರು ಹಚ್ಚಿದ ಬೆಂಕಿ ಜನರ ಕಡೆಗೇ ಬಾಗಿ ನಾಲಗೆ ಚಾಚಿತು. ಸೀರೆಗಳು ಚುರುಕ್ ಎಂದವು, ಹುಬ್ಬಿನ ಕೂದಲು ಸುಟ್ಟವು, ಆದರೂ ಸಾಲು ಮುರಿಯಲಿಲ್ಲ. ಬಡಿದರು, ಮತ್ತೆ ಬಡಿದರು. ನಿಧಾನಕ್ಕೆ ಬೆಂಕಿ ಮೇಲ್ಮುಖವಾಗಿ ತಿನ್ನುತ್ತ ಹೋಗಿ ದಾರಿಯ ಮೇಲೆ ಒಂದು ಕಪ್ಪು ಪಟ್ಟಿ ಮೂಡಿತು. ಅದು ಅಗಲವಾಯಿತು. ದೊಡ್ಡ ಬೆಂಕಿ ಹತ್ತಿರ ಬಂದಾಗ ಸಣ್ಣದನ್ನು ತನ್ನ ಕಡೆಗೆ ಸೆಳೆದುಕೊಂಡಿತು. ಎರಡೂ ಕೂಡಿ ತೆಂಗಿನ ಮರದೆತ್ತರ ಎದ್ದವು. ಜನ ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದಾಗ ತಿನ್ನಲು ಏನೂ ಉಳಿಯದೆ ಬೆಂಕಿ ಅಲ್ಲಲ್ಲೇ ಕುಸಿದು ಕೂತಿತ್ತು.

ಮನೆಗಳು ಉಳಿದವು. ಹಾಡಿಯ ಅಂಚಿನ ಕೆಲವು ಗೇರುಮರ ಬಾಡಿದ್ದು ಬಿಟ್ಟರೆ ಕೇರಿಗೆ ಏನೂ ಆಗಲಿಲ್ಲ. ಸಂಜೆ ಹೊನ್ನಿ ಬೂದಿಯಲ್ಲಿ ನಡೆದು ಚುಕ್ಕಿಯನ್ನು ಹುಡುಕಿದರು. ಒಂದು ಕಲ್ಲಿನ ಮಗ್ಗುಲಲ್ಲಿ ಉಸಿರಿಲ್ಲದೆ ಸಿಕ್ಕಿತು. ಅದರ ಪಕ್ಕ ಕುಳಿತ ಅವರನ್ನು ಮನೆಗೆ ಎಬ್ಬಿಸಿಕೊಂಡು ಹೋಗಲು ಧನ್ಯಶ್ರೀಗೆ ಸಾಕುಬೇಕಾಯಿತು.

"ಊರು ಉಳೀತು ಅಂತ ಎಲ್ಲ ಹೇಳಿದ್ರು" ಎನ್ನುತ್ತಾರೆ ಹೊನ್ನಿ. ಕೋಲಿನ ತುದಿಯಿಂದ ನೆಲ ಕೆದಕುತ್ತ, "ನಾ ಕರೆದದ್ದು ಚುಕ್ಕಿಗೆ ಕೇಳಿತ್ತು. ಒಂದು ಸಲ ತಿರುಗಿ ನೋಡಿತ್ತು" ಎನ್ನುತ್ತಾರೆ.

ಮತ್ತೆ ಶಾಲೆಯ ಜಗಲಿಯಲ್ಲಿ ಸಭೆ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ನಾಯ್ಕರು ನೆಲ ನೋಡುತ್ತ, "ಮುಂದಿನ ವರ್ಷ ಯಾವಾಗ ಹಚ್ಚುದು ಹೊನ್ನಕ್ಕ?" ಎಂದು ಕೇಳಿದರು. ಅದುವರೆಗೆ ಅವರು ಒಮ್ಮೆಯೂ ಅಕ್ಕ ಎಂದು ಕರೆದವರಲ್ಲ.

ಅಲ್ಲಿಗೆ ಕರಗಿಬಿಡುವ ಹೆಂಗಸಲ್ಲ ಹೊನ್ನಿ. "ಬೇಲಿ ಕೀಳಿ. ದನ ಮೇಲೆ ಹೋಗ್ಬೇಕು. ಮತ್ತೆ, ನಾ ಒಬ್ಬಳೇ ಹಚ್ಚುದಿಲ್ಲ. ಮನೆಗೊಬ್ರು ಬರ್ಬೇಕು. ನಾಳೆ ಹೆಸರು ಕೆಟ್ರೆ ಎಲ್ಲರದ್ದೂ ಕೆಡ್ಲಿ" ಎಂದರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಂಚಾಯ್ತಿಗೆ ತಿಳಿಸಿ, ಅನುಮತಿ ಪಡೆದು, ಅರಣ್ಯ ಕಾವಲಿನ ಯೋಗೇಶನನ್ನೂ ಜೊತೆಗೆ ನಿಲ್ಲಿಸಿಕೊಂಡು ಸುಡುವ ಪದ್ಧತಿ ಅಂದಿನಿಂದ ನಡೆದುಬಂದಿದೆ.

ಈಗ ನೆತ್ತಿಬೇಣದಲ್ಲಿ ಮುಳ್ಳು ಹಿಂದೆ ಸರಿದಿದೆ. ಚೌತಿಯ ಸುಮಾರಿಗೆ ಮಳೆ ಬಿಡುವು ಕೊಟ್ಟು ಬಿಸಿಲು ಬೀಳುವ ಹೊತ್ತಿಗೆ ಕಲ್ಲಿನ ಮೇಲೆಲ್ಲ ನೀಲಿ ಹೂವಿನ ಹಾಸು. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿಗಳು ಗಿಡ್ಡ ಹುಲ್ಲಿನಲ್ಲಿ ಮೊಟ್ಟೆಯಿಡುತ್ತವೆ. ಹಾಗೆಂದು ಜಗಳ ಮುಗಿದಿಲ್ಲ. ಮರವಿಲ್ಲದ ಗುಡ್ಡ ಎಂದರೆ ಪಾಳು ಜಾಗ ಎಂದು ತಿಳಿದವರು ಈಗಲೂ ಬರುತ್ತಾರೆ. ಒಬ್ಬರಿಗೆ ಗಿಡ ನೆಡಬೇಕು, ಇನ್ನೊಬ್ಬರಿಗೆ ಸೂರ್ಯಾಸ್ತ ನೋಡುವ ಕಟ್ಟೆ ಕಟ್ಟಬೇಕು. ಕಳೆದ ಸಭೆಯಲ್ಲಿ ಈ ಮಾತು ಬಂದಾಗ ಹೊನ್ನಿ ಎದ್ದು ನಿಂತು, "ಪಾಳು ಅಂದ್ರೆ ಯಾರೂ ನೋಡದೆ ಬಿಟ್ಟದ್ದು. ನಾ ದಿನಾ ನೋಡ್ತೆ" ಎಂದಷ್ಟೇ ಹೇಳಿ ಕುಳಿತರಂತೆ.

ಅವರಿಗಿರುವ ಚಿಂತೆ ಬೇರೆ. "ಬೆಂಕಿ ಹಚ್ಚುಕೆ ಜನ ಸಿಕ್ತಾರೆ, ಅದೊಂದು ಹಬ್ಬದಂಗೆ ಆಗ್ಯದೆ ಈಗ. ಮೇಯುಕೆ ದನ ಬೇಕಲ್ಲ? ಮನೆಗೊಂದು ಆಕಳು ಕಟ್ಟಿ ಅಂತ ಹೇಳ್ತೆ. ನಾಯ್ಕರು ಒಂದು ತಂದ್ರು, ಗಾಯತ್ರಿಯ ಒತ್ತಾಯಕ್ಕೆ. ಇನ್ನೊಂದು ನಾಕು ಮನೆ ತಂದ್ರೆ ನಾ ಸಮಾಧಾನದಲ್ಲಿ ಕಣ್ಣು ಮುಚ್ತೆ."

ಈಗ ಬಿಸಿಲೇರಿದೆ. ಇವತ್ತಿನ ಪಾಲು ಪೂರ್ತಿ ಕಪ್ಪಾಗಿದೆ. ನಾಯ್ಕರು ಹೊಗೆಯಾಡುವ ಬುಡಗಳಿಗೆ ನೀರು ಹೊಡೆಯುತ್ತಿದ್ದಾರೆ. ಧನ್ಯಶ್ರೀ ಎಲ್ಲರಿಗೂ ಗಂಜಿ ಬಡಿಸುತ್ತಿದ್ದಾಳೆ, ಜೊತೆಗೆ ಸುಟ್ಟ ಒಣಮೀನು. ಅಷ್ಟರಲ್ಲಿ ಮಣ್ಣುದಾರಿಯಲ್ಲಿ ಒಂದು ಕಾರು ಏರಿ ಬಂದು ನಿಲ್ಲುತ್ತದೆ. ಫೋಟೋ ತೆಗೆಯಲು ಬಂದವರು. ಕಪ್ಪು ನೆಲ ನೋಡಿದ್ದೇ ಚಾಲಕನ ಸೀಟಿನಲ್ಲಿದ್ದಾತ ಇಳಿದು, ಫೋನು ಎತ್ತಿ ವಿಡಿಯೋ ಮಾಡುತ್ತ ಕೂಗುತ್ತಾನೆ. "ಗುಡ್ಡ ಸುಟ್ಟದ್ದು ಯಾರು? ಕೇಳೋರಿಲ್ವಾ ಇಲ್ಲಿ? ಕಂಪ್ಲೇಂಟ್ ಕೊಡ್ತೀನಿ ನಾನು!"

ನಾಯ್ಕರು ಏನೋ ವಿವರಿಸಲು ಬಾಯಿ ತೆರೆಯುತ್ತಾರೆ. ಯೋಗೇಶ ಜೇಬಿಗೆ ಕೈ ಹಾಕಿ ಅನುಮತಿಯ ಕಾಗದ ಹುಡುಕುತ್ತಾನೆ. ಹೊನ್ನಿ ಇಬ್ಬರಿಗೂ ಕೈಸನ್ನೆಯಲ್ಲೇ ಸುಮ್ಮನಿರಿ ಎಂದು, ಗಂಜಿಯ ಬಟ್ಟಲು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಆ ಫೋನಿನ ಎದುರಿಗೆ ಹೋಗಿ ನಿಲ್ಲುತ್ತಾರೆ.

"ನಾನೇ ಸುಟ್ಟದ್ದು. ಹೊನ್ನಿ ಕುಪ್ಪ ಗೌಡ, ಬೇಣದಕೇರಿ. ಸಮಾ ತೆಗ್ದುಕೊ, ಮುಖ ಕಾಣ್ಬೇಕು. ಮತ್ತೆ ಚೌತಿ ಹೊತ್ತಿಗೆ ಇದೇ ಫೋನು ಹಿಡ್ಕೊಂಡು ಬಾ. ಆಗ ಇಲ್ಲಿ ಎಂತ ಅದೆ ಅಂತ ಅದನ್ನೂ ತೆಗ್ದು ತೋರ್ಸು, ನಾನೇ ಮಾಡಿದ್ದು ಅಂತ ಹೇಳು."